ಕಸುವಿನ ಕಾರಿಗೆ ಮೊದಲು ಬೇಕಾದುದೇನು?

ಅಮೆರಿಕದ ಹಳೆಯ ಮೋಟಾರು ಕಾರುಗಳಲ್ಲಿ ‘ಮಸಲ್ ಕಾರು’ ಎಂಬುದೊಂದು ಜಾತಿಯುಂಟು. ಮಧ್ಯಮ ಗಾತ್ರದ, ಸಾಧಾರಣ ಬೆಲೆಯ ಕಾರಿನೊಳಗೆ ದೊಡ್ಡ ಕಾರಿನ ಎಂಜಿನ್ನನ್ನು ಕೂಡಿಸಿದರೆ ಅದು ಮಸಲ್ ಕಾರು. ಕಸುವಿನ ಕಾರು ಎಂದು ನಾವು ಕರೆಯೋಣ. ಈ ಜಾತಿಗೆ ಹೆಸರು ತಂದುದು 1964ರ ಮಾದರಿಯ ಪಾಂಟಿಯಾಕ್ ಜಿ.ಟಿ.ಓ. ಅದನ್ನು ತಯಾರಿಸಿದ ಜನರಲ್ ಮೋಟಾರ್ಸ್ ಸಂಸ್ಥೆಯಲ್ಲಿ, ಮಧ್ಯಮ ಗಾತ್ರದ ಕಾರಿನ ಎಂಜಿನ್ನು 330 ಘನ ಅಂಗುಲವನ್ನು ಮೀರಕೂಡದೆಂಬ ಕಟ್ಟಳೆಯಿತ್ತು. ಜಾನ್ ಡಿಲೋರಿಯನ್ ಮತ್ತು ಅವರ ಜೊತೆಗಾರ ಎಂಜಿನಿಯರರು ಒಂದು ಉಪಾಯ ಹೂಡಿದರು. ಹೊಸ ಮಾದರಿಯೆಂದು ಹೇಳದೆ, ಲೆಮಾನ್ಸ್ ಎಂಬ ಕಾರನ್ನು ಕೊಳ್ಳುವವರು ಇಷ್ಟಪಟ್ಟರೆ ಸೇರಿಸಿಕೊಳ್ಳಬಹುದಾದ ಹೆಚ್ಚುವರಿ ಸಾಮಗ್ರಿಯೆಂದು ತೋರಿಸಿ, 389 ಘನ ಅಂಗುಲದ, ಎಂದರೆ ಸುಮಾರು 6.4 ಲೀಟರಿನ ಎಂಜಿನ್ನನ್ನು ಅದರೊಳಗೆ ಇಳಿಸಿಬಿಟ್ಟರು. ಮೊದಲ ವರ್ಷವೇ 32,450 ಕಾರುಗಳು ಮಾರಾಟವಾದವು. ಕಟ್ಟಳೆಯ ಮಾತು ಅಲ್ಲಿಗೆ ಮುಗಿಯಿತು.

ಈ ಉಪಾಯದ ಫಲವನ್ನು ಇಂದು ಹಳೆಯ ಜಿ.ಟಿ.ಓ. ಕೊಳ್ಳುವವರು ಉಣ್ಣಬೇಕಾಗಿದೆ. 1964 ಮತ್ತು 1965ರ ಕಾರುಗಳ ಮೈಮೇಲಿನ ಸಂಖ್ಯೆ ‘ಇದು ಲೆಮಾನ್ಸ್’ ಎಂದಷ್ಟೇ ಹೇಳುತ್ತದೆ. ಪಾಂಟಿಯಾಕಿನ ಸಣ್ಣ ಎಂಜಿನ್ನಿಗೂ ದೊಡ್ಡ ಎಂಜಿನ್ನಿಗೂ ಹೊರಗಿನ ಆಕಾರ ಹೆಚ್ಚು ಕಡಮೆ ಒಂದೇ. ಆದುದರಿಂದ ಸಾಧಾರಣ ಲೆಮಾನ್ಸ್ ಕಾರಿಗೆ ಬಿರುದುಗಳನ್ನು ಅಂಟಿಸಿ ಜಿ.ಟಿ.ಓ. ಎಂದು ಮಾರುವುದು ಕಷ್ಟವಲ್ಲ. ಎಂಜಿನ್ನಿನ ಮೇಲೆ ಒತ್ತಿದ ಗುರುತನ್ನು ಓದಿ, ಕಾರ್ಖಾನೆಯ ಮೂಲ ದಾಖಲೆಯ ಪ್ರತಿಯೊಡನೆ ಹೋಲಿಸಿ ನೋಡದೆ ಹಣ ಕೊಡಬಾರದು. ಕೊಳ್ಳಹೋಗುವವರ ಜೇಬಿನಲ್ಲಿ ಒಂದು ಅಯಸ್ಕಾಂತವೂ ಇರಲಿ. ಬಣ್ಣದ ಕೆಳಗೆ ಉಕ್ಕಿನ ತಗಡಿದ್ದರೆ ಅದು ಹಿಡಿದುಕೊಳ್ಳುತ್ತದೆ. ತುಕ್ಕು ತಿಂದ ತೂತನ್ನು ಲಪ್ಪ ತುಂಬಿ ಮುಚ್ಚಿದ್ದರೆ ಜಾರಿ ಬೀಳುತ್ತದೆ. ಅಡಿಯ ಚೌಕಟ್ಟೇ ತುಕ್ಕಾಗಿದ್ದರೆ ಅಂಥ ಕಾರನ್ನು ಬಿಟ್ಟು ಬರುವುದೇ ಲೇಸು.

ಕಾರು ಕೈಗೆ ಬಂದಮೇಲೆ ಅದನ್ನು ತಮ್ಮ ಇಷ್ಟದಂತೆ ತಿದ್ದಿಕೊಳ್ಳುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ತರುಣರ ಕೈ ಮೊದಲು ಹೋಗುವುದು ಎಂಜಿನ್ನಿಗೆ. ಆದರೆ ಲೆಕ್ಕ ಏನು ಹೇಳುತ್ತದೆಂದು ನೋಡೋಣ. ಇದಕ್ಕೆ ಪ್ರೌಢಶಾಲೆಯ ಭೌತಶಾಸ್ತ್ರ ಸಾಕು.

ಈ ಎಂಜಿನ್ನಿನ ಘೋಷಿತ ಸಾಮರ್ಥ್ಯ 325 ಅಶ್ವಶಕ್ತಿ. ಅದು ತಿರುಗಿಸುವ ಬಲ, ಎಂದರೆ ಟಾರ್ಕ್, ಸುಮಾರು 580 ನ್ಯೂಟನ್-ಮೀಟರು. ನಾಲ್ಕು ಗೇರುಗಳ ಪೆಟ್ಟಿಗೆಯ ಮೊದಲನೆಯ ಗೇರು ಇದನ್ನು 2.56ರಷ್ಟು, ಹಿಂದಿನ ಅಚ್ಚಿನ ಹಲ್ಲುಗಾಲಿಗಳು ಮತ್ತೆ 3.23ರಷ್ಟು ಹೆಚ್ಚಿಸುತ್ತವೆ. ಗಾಲಿಯ ತ್ರಿಜ್ಯ 34 ಸೆಂಟಿಮೀಟರು ಎಂದಿಟ್ಟುಕೊಂಡರೆ ನೆಲವನ್ನು ಹಿಂದಕ್ಕೆ ನೂಕುವ ಬಲ ಸುಮಾರು 14,000 ನ್ಯೂಟನ್ ಆಗುತ್ತದೆ. ಆ ಕಾಲದಲ್ಲಿ ಎಂಜಿನ್ನನ್ನು ಕಾರಿನಿಂದ ಹೊರಗಿಟ್ಟು, ಬೀಸಣಿಗೆ ಮೊದಲಾದ ಹೊರೆಗಳಿಲ್ಲದೆ ಅಳೆಯುತ್ತಿದ್ದರು. ಹೊರೆಗಳೊಡನೆ ಅಳೆಯುವ ರೂಢಿ ಬಂದುದು 1972ರ ಮಾದರಿಗಳ ವೇಳೆಗೆ. ಆದ್ದರಿಂದ ಕಾಲುಭಾಗ ಕಳೆಯೋಣ. ಆದರೂ 10,500 ಉಳಿಯಿತು. ಇತ್ತ ಟೈರು ತಡೆದುಕೊಳ್ಳುವುದೆಷ್ಟು? ಚಾಲಕನೂ ಸೇರಿ ಕಾರು ಸುಮಾರು 1,600 ಕಿಲೋಗ್ರಾಂ. ಮುನ್ನುಗ್ಗುವಾಗ ಭಾರ ಹಿಂದಕ್ಕೆ ವಾಲಿ, ನೂರಕ್ಕೆ 55 ಪಾಲು ಹಿಂದಿನ ಗಾಲಿಗಳ ಮೇಲೆ ಬೀಳುತ್ತದೆಂದೂ ಘರ್ಷಣಾಂಕ 0.7 ಎಂದೂ ಇಟ್ಟುಕೊಂಡರೆ, ಹಿಡಿತ ಸುಮಾರು 6,000 ನ್ಯೂಟನ್. ಎಂದರೆ ಹುಟ್ಟಿದಂದಿನ ಎಂಜಿನ್ನೇ ಟೈರುಗಳ ಶಕ್ತಿಯನ್ನು ಒಂದೂವರೆ ಪಟ್ಟಿಗೂ ಹೆಚ್ಚು ಮೀರಿದೆ! ಇದಕ್ಕೆ ಇನ್ನೂ ಐವತ್ತು ಅಶ್ವಶಕ್ತಿಯನ್ನು ಕೂಡಿಸಿದರೆ, ಹೊರಡುವಾಗ ದೊರೆಯುವುದು ಹೊಗೆ ಮತ್ತು ರಬ್ಬರಿನ ವಾಸನೆ ಮಾತ್ರ. ಒಳ್ಳೆಯ ಹೊಸ ಟೈರುಗಳಿಗೆ ಕೊಟ್ಟ ಹಣವಾದರೋ ಹೊರಡುವಾಗಲೂ ತಿರುಗುವಾಗಲೂ ನಿಲ್ಲುವಾಗಲೂ ಉಪಯೋಗಕ್ಕೆ ಬರುತ್ತದೆ.

ನಿಲ್ಲುವ ವಿಚಾರವೇ ಇಲ್ಲಿ ಮುಖ್ಯವಾದುದು. ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಓಡುವ ಈ ಕಾರಿನ ಚಲನಶಕ್ತಿ ಆರು ಲಕ್ಷ ಜೂಲುಗಳಿಗೂ ಮಿಗಿಲು. ಸುಮಾರು ಎರಡು ಲೀಟರು ತಣ್ಣೀರನ್ನು ಕುದಿಯುವ ಹದಕ್ಕೆ ತರಲು ಅಷ್ಟು ಸಾಕು. ಕಾರು ನಿಂತಾಗ ಈ ಶಕ್ತಿಯೆಲ್ಲ ಬಹುಮಟ್ಟಿಗೆ ಬ್ರೇಕುಗಳಲ್ಲಿ ಶಾಖವಾಗಬೇಕು. ವೇಗದ ವರ್ಗಕ್ಕೆ ಅನುಸಾರವಾಗಿ ಚಲನಶಕ್ತಿ ಬೆಳೆಯುವುದರಿಂದ 140 ಕಿಲೋಮೀಟರಿನಲ್ಲಿ ಅದು ಸುಮಾರು ಎರಡರಷ್ಟಾಗುತ್ತದೆ, 0.7ರ ಘರ್ಷಣಾಂಕಕ್ಕೆ 56 ಮೀಟರು ಇದ್ದ ನಿಲುಗಡೆಯ ದೂರ 110 ಮೀಟರಾಗುತ್ತದೆ. ಅದೂ ಬ್ರೇಕು ಪೂರ್ಣವಾಗಿ ಹಿಡಿದರೆ! 1964ರ ಜಿ.ಟಿ.ಓ.ಗೆ ಇದ್ದುದು ನಾಲ್ಕು ಗಾಲಿಗಳಿಗೂ ಒಂಬತ್ತೂವರೆ ಅಂಗುಲದ ಡ್ರಮ್ ಬ್ರೇಕುಗಳು. ಡ್ರಮ್ಮು ಕಾದಾಗ ಹಿಗ್ಗಿ, ಒಳಗಿನಿಂದ ಒತ್ತುವ ಪಟ್ಟಿಗಳಿಂದ ದೂರ ಸರಿಯುತ್ತದೆ. ಪಟ್ಟಿಗಳ ಘರ್ಷಣೆಯೂ ಕಾವಿಗೆ ಕುಗ್ಗುತ್ತದೆ. ಮೊದಲ ಸಲ ಚೆನ್ನಾಗಿ ಹಿಡಿದ ಬ್ರೇಕು ಇಳಿಜಾರಿನ ಮೂರನೆಯ ತಿರುವಿನಲ್ಲಿ ಕೈಕೊಡುವುದು ಹೀಗೆ. ತೆರೆದ ಗಾಳಿಯಲ್ಲಿ ಸುತ್ತುವ ತಟ್ಟೆಯನ್ನು ಎರಡು ಕಡೆಯಿಂದಲೂ ಹಿಸುಕುವ ಡಿಸ್ಕ್ ಬ್ರೇಕಿಗೆ ಈ ದೋಷ ಬಹಳ ಕಡಮೆ. ಕಾರ್ಖಾನೆಯವರು 1967ರಲ್ಲಿ ಮುಂದಿನ ಗಾಲಿಗಳಿಗೆ ಅದನ್ನು ಒದಗಿಸಿದರು. ಹಳೆಯ ಕಾರಿಗೂ ಅದನ್ನು ಜೋಡಿಸಬಹುದು. ಆದರೆ ಡ್ರಮ್ಮಿನ ತಿರುಗುವಿಕೆಯೇ ಪಟ್ಟಿಯನ್ನು ಒಳಕ್ಕೆಳೆದು ಕೊಡುತ್ತಿದ್ದ ಸಹಾಯ ಡಿಸ್ಕಿಗೆ ಇಲ್ಲವಾದುದರಿಂದ, ಕಾಲಿನ ಒತ್ತಡವನ್ನು ಹೆಚ್ಚಿಸುವ ನಿರ್ವಾತ ಪೆಟ್ಟಿಗೆಯನ್ನೂ ಜೊತೆಗೆ ಹಾಕಿಸಬೇಕು.

ಇದಕ್ಕಿಂತಲೂ ಅಪಾಯಕರವಾದುದು ಇನ್ನೊಂದಿದೆ. 1966ರವರೆಗಿನ ಕಾರುಗಳಲ್ಲಿ ನಾಲ್ಕು ಬ್ರೇಕುಗಳಿಗೂ ಎಣ್ಣೆ ಒಂದೇ ಕೋಣೆಯಿಂದ ಹೋಗುತ್ತದೆ. ಅರವತ್ತು ವರ್ಷದ ಕೊಳವೆ ಎಲ್ಲಾದರೂ ಒಂದು ಕಡೆ ಒಡೆದರೆ ನಾಲ್ಕೂ ಒಟ್ಟಿಗೆ ಹೋದವು. ಮುಂದಿನ ಮತ್ತು ಹಿಂದಿನ ಗಾಲಿಗಳಿಗೆ ಬೇರೆ ಬೇರೆ ಕೋಣೆಗಳಿರುವ ಸಿಲಿಂಡರನ್ನು 1967ರ ಮಾದರಿಗಳಿಂದ ಕೊಟ್ಟರು. ಇಡೀ ಕಾರಿನಲ್ಲಿ ಒಂದನ್ನು ಮಾತ್ರ ಬದಲಾಯಿಸಬಹುದೆಂದರೆ ನಾವು ಆರಿಸುವುದು ಇದನ್ನೇ. ಭುಜವನ್ನು ಹಿಡಿಯುವ ಪಟ್ಟಿ ಎರಡನೆಯದು. ತೆಗೆದ ಹಳೆಯ ಭಾಗಗಳನ್ನು ಎಸೆಯದೆ ಗುರುತು ಹಾಕಿ ಇಟ್ಟರೆ, ಕಾರಿನ ಬೆಲೆಗೂ ಧಕ್ಕೆಯಿಲ್ಲ.

ಇಷ್ಟಾದ ಮೇಲೆ ಎಂಜಿನ್ನಿನ ಕಡೆ ತಿರುಗಬಹುದು. ಅಲ್ಲಿಯೂ ಮೊದಲಿನ ಕೆಲಸ ಸಾಮರ್ಥ್ಯ ಹೆಚ್ಚಿಸುವುದಲ್ಲ, ಇದ್ದುದನ್ನು ಉಳಿಸುವುದು. ಸಿಲಿಂಡರಿನಲ್ಲಿ ಮಿಶ್ರಣವನ್ನು 10.75ರಲ್ಲಿ ಒಂದು ಪಾಲಿಗೆ ಅದುಮುವ ಈ ಎಂಜಿನ್ನು ಸೀಸ ಬೆರಸಿದ ಉತ್ತಮ ಪೆಟ್ರೋಲಿಗಾಗಿ ಹುಟ್ಟಿದುದು. ಅಮೆರಿಕದ ರಸ್ತೆವಾಹನಗಳಿಗೆ ಅಂಥ ಪೆಟ್ರೋಲು 1996ರಲ್ಲಿ ನಿಷಿದ್ಧವಾಯಿತು. ಕೀಳು ಪೆಟ್ರೋಲು ಹಾಕಿದರೆ ಮಿಶ್ರಣ ಹೊತ್ತಿಗೆ ಮುಂಚೆ ತಾನಾಗಿ ಸಿಡಿದು ಪಿಸ್ಟನ್ನಿಗೆ ಪೆಟ್ಟು ಬೀಳುತ್ತದೆ. ಅದುಮುವಿಕೆಯನ್ನು ತುಸು ತಗ್ಗಿಸಿ, ಕವಾಟಗಳು ಕೂರುವ ಜಾಗಕ್ಕೆ ಗಟ್ಟಿ ಉಕ್ಕಿನ ಬಳೆಗಳನ್ನು ಕೂರಿಸಬೇಕು. ಇನ್ನೂ ಆಸೆ ಉಳಿದವರು ಕಾರ್ಖಾನೆಯೇ ಅಂದು ಮಾರುತ್ತಿದ್ದ ಮೂರು ಕಾರ್ಬುರೇಟರುಗಳ ಜೋಡಣೆಯನ್ನು ಹಾಕಿಸಬಹುದು. ಸಾಮಾನ್ಯ ಓಟದಲ್ಲಿ ನಡುವಿನದೊಂದೇ ಕೆಲಸ ಮಾಡುತ್ತದೆ. ಕಾಲನ್ನು ಪೂರ್ತಿ ಒತ್ತಿದಾಗ ಅಕ್ಕಪಕ್ಕದವೂ ಬಾಯಿ ತೆರೆಯುತ್ತವೆ. ಆಗ 325 ಹೋಗಿ 348 ಅಶ್ವಶಕ್ತಿಯಾಗುತ್ತದೆ. ಆ ಇಪ್ಪತ್ತಮೂರರ ಲಾಭ ಮಾತ್ರ, ಮೇಲೆ ಹೇಳಿದ ಕಾರಣದಿಂದ, ಕಾರು ಮೇಲಿನ ಗೇರಿಗೆ ಬಂದ ಮೇಲೆಯೇ ಅನುಭವಕ್ಕೆ ಬಂದೀತು.