ನಿರ್ವಾತದ ಆರ್ಕಿಗೆ ಗಾಳಿಯ ಹಂಗಿಲ್ಲ

ನಿರ್ವಾತದಲ್ಲಿ ಆರ್ಕ್ ಹತ್ತಿತೆಂದರೆ ಒಳಗೆಲ್ಲೋ ಗಾಳಿ ಉಳಿದಿದೆ ಎಂದು ಎಂಜಿನಿಯರಿಂಗ್ ಓದಿದವರೂ ಧೈರ್ಯವಾಗಿ ಹೇಳುತ್ತಾರೆ. ಅನಿಲವಿದ್ದರೇ ವಿದ್ಯುತ್ ಹರಿಯುತ್ತದೆ ಎಂಬ ನಿಯಾನ್ ದೀಪದ ಪಾಠವೊಂದನ್ನೇ ಕಂಡಕಂಡಲ್ಲಿಗೆಲ್ಲ ಅಂಟಿಸಿದರೆ ಆಗುವುದು ಹೀಗೆಯೇ. 11 ಕೆವಿ ಸಬ್‌ಸ್ಟೇಷನ್ನಿನ ವಿಸಿಬಿಯನ್ನೇ (ವ್ಯಾಕ್ಯೂಮ್ ಸರ್ಕ್ಯೂಟ್ ಬ್ರೇಕರ್) ತೆಗೆದುಕೊಳ್ಳಿ. ಅದರ ಮುಚ್ಚಿದ ಬಾಟಲಿಯೊಳಗಿನ ಒತ್ತಡ 0.001 ಪ್ಯಾಸ್ಕಲ್‌ಗಿಂತಲೂ ಕಡಿಮೆ. ಅಷ್ಟು ವಿರಳವಾದ ಗಾಳಿಯಲ್ಲಿ ಒಂದು ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯಬೇಕಾದರೆ ಸರಾಸರಿ ಆರೇಳು ಮೀಟರ್ ಸಾಗಬೇಕು; ಕಾಂಟ್ಯಾಕ್ಟುಗಳ ನಡುವಿನ ಅಂತರವೋ ಸುಮಾರು 1 ಸೆಂಟಿಮೀಟರ್. ಸಾವಿರಾರು ಆಂಪಿಯರ್ ಹೊರುವ ಆರ್ಕನ್ನು ಈ ಬೆರಳೆಣಿಕೆಯ ಗಾಳಿ ಸಾಕುತ್ತದೆ ಎಂದು ನಂಬುವುದಕ್ಕೆ ಭಂಡ ಧೈರ್ಯವೇ ಬೇಕು.

ಆರ್ಕ್ ತನಗೆ ಬೇಕಾದ ಮಾಧ್ಯಮವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಕ್ಯಾಥೋಡಿನ ಮೇಲೆ ಮೈಕ್ರೋಮೀಟರ್ ಗಾತ್ರದ ಬಿಂದುಗಳಲ್ಲಿ ಲೋಹ ಕರಗಿ, ಆವಿಯಾಗಿ, ಅಯಾನುಗಳಾಗಿ ಚಿಮ್ಮುತ್ತದೆ. ತಾಮ್ರದ ಕ್ಯಾಥೋಡ್ ಇಟ್ಟರೆ ಆರ್ಕಿನ ಬೆಳಕಿನಲ್ಲಿ ಕಾಣುವುದು ತಾಮ್ರದ ರೋಹಿತ ರೇಖೆಗಳು. ಆರ್ಕ್ ಕ್ಯಾಥೋಡನ್ನು ಹಿಂದಕ್ಕೆ ನೂಕುವ ಬಲವನ್ನು ಸಂಶೋಧಕ ಟ್ಯಾನ್‌ಬರ್ಗ್ 1930ರಲ್ಲೇ ಅಳೆದು, ತಾಮ್ರದ ಆವಿ ಸೆಕೆಂಡಿಗೆ ಸುಮಾರು 16 ಕಿಲೋಮೀಟರ್ ವೇಗದಲ್ಲಿ ಹೊರಡುತ್ತದೆ ಎಂದು ಲೆಕ್ಕ ಹಾಕಿದ್ದ. ವಿಚಿತ್ರವೆಂದರೆ ಈ ಧನ ಅಯಾನುಗಳು ಧನ ಧ್ರುವವಾದ ಆನೋಡಿನ ಕಡೆಗೇ ಓಡುತ್ತವೆ. ಕ್ಯಾಥೋಡ್ ಟೈಟಾನಿಯಮ್ಮಿನದಾದರೆ, ಆರ್ಕಿನ ವೋಲ್ಟೇಜು ಇಪ್ಪತ್ತು ವೋಲ್ಟಿನ ಆಸುಪಾಸಿನಲ್ಲಿದ್ದರೂ ಅಯಾನಿನ ಶಕ್ತಿ ಸುಮಾರು 60 ಎಲೆಕ್ಟ್ರಾನ್‌ವೋಲ್ಟ್! ಅಳತೆ ತಪ್ಪಿರಬೇಕೆಂದು ಮೂಗು ಮುರಿಯಬೇಕಿಲ್ಲ. ಕ್ಯಾಥೋಡ್ ಬಿಂದುವಿನಲ್ಲಿ ವಿಪರೀತ ಒತ್ತಡದಲ್ಲಿರುವ ಎಲೆಕ್ಟ್ರಾನುಗಳು ಹಿಗ್ಗುತ್ತ ಹೊರಡುವಾಗ ಅಯಾನುಗಳನ್ನೂ ಎಳೆದೊಯ್ಯುತ್ತವೆ.

ಹಾಗಾದರೆ ಅನಿಲಕ್ಕೆ ಕೆಲಸವೇ ಇಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಇದೆ, ಆದರೆ ಒತ್ತಡ ಏರಿದ ಮೇಲೆ. ಇಂಥದೇ ಆರ್ಕಿನಿಂದ ಟೈಟಾನಿಯಂ ನೈಟ್ರೈಡ್ ಲೇಪಿಸುವ ಕೋಣೆಗೆ ಬೇಕೆಂದೇ ಸುಮಾರು 1 ಪ್ಯಾಸ್ಕಲ್ ಒತ್ತಡಕ್ಕೆ ಸಾರಜನಕ ಬಿಡುತ್ತಾರೆ. ಅಲ್ಲಿ ಡಿಕ್ಕಿಗಳ ನಡುವಿನ ದೂರ ಕೆಲವು ಮಿಲಿಮೀಟರಿಗೆ ಇಳಿಯುತ್ತದೆ. ಆಗಲೂ ಕ್ಯಾಥೋಡಿನಿಂದ ಚಿಮ್ಮಿದ ಲೋಹದ ಜೆಟ್ ಅನಿಲವನ್ನು ಪೊರಕೆ ಹಿಡಿದಂತೆ ಗುಡಿಸಿಕೊಂಡು ಹೋಗುವುದಿಲ್ಲ. ಅಣುಗಳ ನಡುವೆ ನುಗ್ಗಿ, ಡಿಕ್ಕಿಯಿಂದ ಡಿಕ್ಕಿಗೆ ವೇಗ ಕಳೆದುಕೊಳ್ಳುತ್ತದೆ. ಎರಡು ಮೂರು ಆವೇಶ ಹೊತ್ತ ಟೈಟಾನಿಯಂ ಅಯಾನು ಸಾರಜನಕದಿಂದ ಎಲೆಕ್ಟ್ರಾನ್ ಕಸಿದು ತನ್ನ ಆವೇಶ ತಗ್ಗಿಸಿಕೊಳ್ಳುತ್ತದೆ. ಸಾರಜನಕ ತಾನೇ ಅಯಾನಾಗುತ್ತದೆ. ಹೀಗೆ ಹದಗೊಂಡ ಲೋಹ ಮತ್ತು ಸಾರಜನಕ ಮೇಲ್ಮೈಯಲ್ಲಿ ಕೂಡಿ ಹಳದಿ ಲೇಪನವಾಗುತ್ತದೆ.  

ಇನ್ನೊಂದು ಆಕ್ಷೇಪ: ಗಾಳಿ ಮುಖ್ಯವಲ್ಲದಿದ್ದರೆ ವಿಸಿಬಿಯ ಸೋರಿದ ಬಾಟಲಿ ಯಾಕೆ ಕೈಕೊಡುತ್ತದೆ? ಇದು ನನ್ನ ವಾದಕ್ಕೇ ಒದಗುವ ಪ್ರಶ್ನೆ. ಕರೆಂಟು ಸೊನ್ನೆ ಮುಟ್ಟಿದ ಕೂಡಲೇ ಲೋಹದ ಪ್ಲಾಸ್ಮಾ ನಿರ್ವಾತಕ್ಕೆ ಹರಡಿ, ಸುತ್ತಲಿನ ಶೀಲ್ಡಿನ ಮೇಲೆ ಗಟ್ಟಿಯಾಗಿ ಅಂಟುತ್ತದೆ, ಜಾಗ ಖಾಲಿ. ಸೋರಿ ಬಂದ ಗಾಳಿ ಹಾಗೆ ಅಂಟುವುದಿಲ್ಲ. ಅದು ಅಲ್ಲೇ ಉಳಿದು, ಮತ್ತೆ ಏರುವ ವೋಲ್ಟೇಜಿಗೆ ದಾರಿ ಮಾಡಿಕೊಡುತ್ತದೆ. ಅಂದರೆ ಆರ್ಕ್ ಹುಟ್ಟುವುದಕ್ಕೆ ಗಾಳಿ ಬೇಕಿಲ್ಲ, ಅದು ಆರುವುದಕ್ಕೆ ಗಾಳಿ ಅಡ್ಡಿ. ಜನಪ್ರಿಯ ನಂಬಿಕೆ ಇದನ್ನು ನೇರಾನೇರ ತಲೆಕೆಳಗು ಮಾಡಿದೆ. ಆರೋಗ್ಯಕ್ಕೆ ಒಳ್ಳೆಯದೆಂದು ‘ಅಯಾನ್’ ಎಂಬ ಚೀಟಿ ಅಂಟಿಸಿದ ಬಳೆಗೆ ದುಡ್ಡು ಸುರಿಯುವವರ ಕತೆಯೂ ಬೇರೆಯಲ್ಲ. ಗಾಳಿ ಇದೆಯೇ, ಅಯಾನು ಇದೆಯೇ ಎಂದು ಎಲ್ಲರೂ ಕೇಳುತ್ತಾರೆ. ಎಷ್ಟಿದೆ, ಅಷ್ಟರಿಂದ ಆ ಕೆಲಸ ಆದೀತೇ ಎಂದು ಮಾತ್ರ ಯಾರೂ ಲೆಕ್ಕ ಹಾಕುವುದಿಲ್ಲ.