ಬಾಣಂತಿಯ ಮನಸ್ಸನ್ನು ಕೇಳುವವರು ಯಾರು?

ನಮ್ಮ ಹಾಸನೂರಿನ ಕಡೆ ಹೆರಿಗೆಯಾದ ಮನೆಗೆ ಹೋದವರು ಕೇಳುವ ಮೊದಲ ಮಾತು ಗಂಡೋ ಹೆಣ್ಣೋ ಎಂದು. ಆಮೇಲೆ ಮಗು ಹಾಲು ಕುಡಿಯುತ್ತಿದೆಯೇ, ಬಾಣಂತಿಯ ಕಿವಿಗೆ ಹತ್ತಿ ಇಟ್ಟಿದ್ದೀರಾ, ತಣ್ಣೀರು ಮುಟ್ಟಿಸಿಲ್ಲ ತಾನೇ ಎಂದು ವಿಚಾರಿಸುತ್ತಾರೆ. ಅವಳ ಮನಸ್ಸು ಹೇಗಿದೆ ಎಂದು ಕೇಳಿದವರನ್ನು ನಾನು ಹೆಚ್ಚು ಕಂಡಿಲ್ಲ. ನಾನೂ ಕೇಳಿದವನಲ್ಲ.

1987ರಲ್ಲಿ ನಮ್ಮ ಎರಡನೆಯ ಮಗಳು ಹುಟ್ಟಿದಳು. ಆಗ ನಾನು ಬ್ಯಾಂಕಿನಲ್ಲಿ ಗುಮಾಸ್ತ. ಬೆಳಿಗ್ಗೆ ಬಸ್ಸು ಹಿಡಿದರೆ ಮನೆ ಸೇರುವಾಗ ಕತ್ತಲೆ. ತಿಂಗಳು ತುಂಬಿದರೂ ನನ್ನ ಹೆಂಡತಿ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಮಗು ಅತ್ತರೆ ಎತ್ತಿಕೊಂಡು ಹಾಲು ಕೊಡುವಳು, ಆದರೆ ಅದರ ಮುಖ ನೋಡುತ್ತಿರಲಿಲ್ಲ. ಮಗು ಮಲಗಿದಾಗಲೂ ಅವಳಿಗೆ ನಿದ್ದೆಯಿಲ್ಲ. ಮತ್ತೆ ಹೆಣ್ಣಾಯಿತೆಂಬ ಕೊರಗು ಎಂದರು ನಮ್ಮ ತಾಯಿ. ನಾನು ಸೋಮಾರಿತನ ಎಂದುಕೊಂಡೆ. ದಿನದ ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆಯಾದರೆ ರಾತ್ರಿಯವರೆಗೆ ಕೂತು ಹುಡುಕುತ್ತಿದ್ದವನಿಗೆ ಮನೆಯೊಳಗಿನ ವ್ಯತ್ಯಾಸ ಕಾಣಲಿಲ್ಲ.

ಇದಕ್ಕೆ ಪ್ರಸವಾನಂತರದ ಖಿನ್ನತೆ ಎಂದು ಹೆಸರು. ಹೆರಿಗೆಯಾದ ಮೂರು ನಾಲ್ಕನೆಯ ದಿನ ಕಾರಣವಿಲ್ಲದೆ ಅಳು ಬರುವುದು ಬಹಳ ಮಂದಿಗೆ ಉಂಟು. ಅದು ಎರಡು ವಾರದೊಳಗೆ ತಾನೇ ಹೋಗುತ್ತದೆ. ಹೋಗದೆ ನಿಂತು, ಊಟ ನಿದ್ದೆ ಕೆಟ್ಟು, ಯಾವುದರಲ್ಲೂ ಮನಸ್ಸು ನಿಲ್ಲದೆ, ತಾನು ಕೆಟ್ಟ ತಾಯಿ ಎಂಬ ಯೋಚನೆಯೇ ಕಾಡುತ್ತಿದ್ದರೆ ಅದು ಕಾಯಿಲೆ. ನಮ್ಮ ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದುದು ಬೇರೆ. ಅದರಲ್ಲಿ ತಾಯಿ ಇಲ್ಲದ್ದನ್ನು ಕಾಣುತ್ತಾಳೆ, ಏನೇನೋ ಮಾತಾಡುತ್ತಾಳೆ. ಅದು ಅಪರೂಪ, ಆದರೆ ಒಂದು ದಿನವೂ ಕಾಯುವಂತಿಲ್ಲ. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸುತ್ತ ಕೂರುವುದರಲ್ಲಿ ಅಮೂಲ್ಯ ಸಮಯ ಕಳೆಯುತ್ತದೆ.

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ತಮಿಳುನಾಡಿನ ಹಳ್ಳಿಯ ತಾಯಂದಿರನ್ನು ಬಸುರಿನಿಂದಲೇ ಗಮನಿಸಿ 2002ರಲ್ಲಿ ವರದಿ ಪ್ರಕಟಿಸಿದರು. ಹೆರಿಗೆಯ ನಂತರ ಹೊಸದಾಗಿ ಖಿನ್ನತೆಗೆ ಬಿದ್ದವರು ನೂರಕ್ಕೆ 11 ಮಂದಿ. ಕಡಿಮೆ ವರಮಾನ, ಗಂಡು ಬೇಕೆಂದಿದ್ದಾಗ ಹೆಣ್ಣು ಹುಟ್ಟಿದ್ದು, ಅತ್ತೆಯೊಡನೆ ಅಥವಾ ತವರಿನವರೊಡನೆ ಮನಸ್ತಾಪ, ಕೆಲಸಕ್ಕೆ ಕೈ ಕೊಡುವವರಿಲ್ಲದಿರುವುದು, ಇವೆಲ್ಲ ಅದಕ್ಕೆ ದಾರಿಯೆಂದು ಕಂಡುಬಂತು. ಅದೇ ವರ್ಷ ಗೋವಾದಿಂದ ಬಂದ ವರದಿಯಲ್ಲಿ ನೂರಕ್ಕೆ 23. ದೇಶದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ತೆಗೆದ ಲೆಕ್ಕ ನೂರಕ್ಕೆ 22, ಅಂದರೆ ಹೆಚ್ಚುಕಡಿಮೆ ಐವರಲ್ಲಿ ಒಬ್ಬಳು.

ನಮ್ಮ ಬಾಣಂತನದ ಪದ್ಧತಿಯನ್ನು ನಾನು ಹಳಿಯುವುದಿಲ್ಲ. ನೀರೆರೆಯುವವರು, ಅಡಿಗೆ ಮಾಡಿಹಾಕುವವರು ಇದ್ದರೆ ಅದು ದೊಡ್ಡ ಔಷಧ. ಆದರೆ ಕತ್ತಲೆ ಕೋಣೆಯಲ್ಲಿ ಕೂರಿಸಿ, ಹೊರಗಡೆ ಹೆಣ್ಣೆಂದು ನಿಟ್ಟುಸಿರು ಬಿಟ್ಟರೆ ಒಳಗಿರುವವಳಿಗೆ ಕೇಳಿಸುವುದಿಲ್ಲವೇ?

ಇದನ್ನು ಪತ್ತೆ ಮಾಡಲು ಹತ್ತೇ ಪ್ರಶ್ನೆಗಳ ಒಂದು ಪಟ್ಟಿ ಇದೆ. ಸ್ಕಾಟ್ಲೆಂಡಿನ ಎಡಿನ್‌ಬರೋ ಹೆಸರಿನ ಈ ಪಟ್ಟಿ ಕನ್ನಡದಲ್ಲೂ ಬಳಕೆಯಾಗಿದೆ. ಕಳೆದ ಏಳು ದಿನ ನಗು ಬಂತೇ, ಭಯವಾಯಿತೇ ಎಂದು ಕೇಳುತ್ತ ಹೋಗಿ, ಕೊನೆಗೆ ತನಗೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿತ್ತೇ ಎಂದು ಕೇಳುತ್ತಾರೆ. ಇದು ಮೊದಲು ಪ್ರಕಟವಾದದ್ದು 1987ರಲ್ಲಿ, ನಮ್ಮ ಮಗಳು ಹುಟ್ಟಿದ ವರ್ಷವೇ. ನಿವೃತ್ತನಾದ ಮೇಲೆ ಒಂದು ದಿನ ಆ ಕೊನೆಯ ಪ್ರಶ್ನೆಯನ್ನು ನನ್ನ ಹೆಂಡತಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಿ, "ಆಗ ಯಾರಾದರೂ ಕೇಳಿದ್ದರೆ ಹೌದು ಅಂತಿದ್ದೆ" ಎಂದಳು. ನಾನು ಎದ್ದು ಜಗಲಿಗೆ ಹೋದೆ.

ಇದಕ್ಕೆ ಚಿಕಿತ್ಸೆ ಇದೆ. ಕೆಲವರಿಗೆ ಮನಬಿಚ್ಚಿ ಮಾತಾಡಿದರೆ, ಮನೆಯವರು ರಾತ್ರಿ ಮಗುವನ್ನು ನೋಡಿಕೊಂಡು ನಿದ್ದೆ ಮಾಡಲು ಬಿಟ್ಟರೆ ಸಾಕು. ಕೆಲವರಿಗೆ ಮಾತ್ರೆ ಬೇಕು. ಹಾಲೂಡಿಸುವಾಗಲೂ ಕೊಡಬಹುದಾದವು ಇವೆ, ವೈದ್ಯರು ಆರಿಸಿ ಕೊಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಳ್ಳುವ ವಾರ್ಡು 2009ರಿಂದ ಇದೆ. ಮಾನಸಿಕ ಆಸ್ಪತ್ರೆಗೆ ಸೇರಿದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದೆಂದು 2017ರ ಕಾನೂನೇ ಹೇಳುತ್ತದೆ.

ಬೆಂಗಳೂರು ದೂರವೆನ್ನುವವರು 14416ಕ್ಕೆ ಫೋನು ಮಾಡಿ. ಟೆಲಿ ಮಾನಸ್ ಎಂಬ ಈ ಸರ್ಕಾರಿ ಸೇವೆ 2022ರಲ್ಲಿ ಶುರುವಾಯಿತು. ಹಗಲುರಾತ್ರಿ ಉಚಿತ, ಕನ್ನಡ ತಮಿಳು ಎರಡೂ ಇವೆ. ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋದಾಗ ನರ್ಸಮ್ಮನ ಕಿವಿಗೂ ಹಾಕಿ. ಸನ್ನಿಯ ಲಕ್ಷಣ ಕಂಡರೆ ಬೆಳಗಾಗಲಿ ಎನ್ನಬೇಡಿ, 108ಕ್ಕೆ ತಿಳಿಸಿ. 2022ರಿಂದ ದಿಂಬಂ ಘಟ್ಟದ 27 ತಿರುವುಗಳಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದ್ದರೂ ಆಂಬುಲೆನ್ಸಿಗೆ ತಡೆಯಿಲ್ಲ.