ತಿಂದಷ್ಟೂ ಲಾಭವೇ?

ಪುತ್ತೂರು, ಸುಳ್ಯ, ಕಡಬದ ಕಡೆಯ ಎಷ್ಟೋ ಮನೆಗಳಲ್ಲಿ ಈಗ ಅಡಿಕೆ ತೋಟ ನೋಡಿಕೊಳ್ಳುವವರು ಅಪ್ಪ, ಅಮ್ಮ; ಮಕ್ಕಳಿರುವುದು ಬೆಂಗಳೂರಿನಲ್ಲಿ. ಕಬಕ ಪುತ್ತೂರಿನಲ್ಲೋ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲೋ ರೈಲು ಹತ್ತಿ ಬಂದ ಹೆತ್ತವರಿಗೆ ಹೊಸ ರುಚಿ ತೋರಿಸುವುದು ಮಕ್ಕಳ ಸಂಭ್ರಮ. ಆ ರುಚಿಗಳ ಸಾಲಿಗೆ ಜಪಾನಿ ಬಫೆಯೂ ಸೇರಿದೆ. ಒಮ್ಮೆ ಹಣ ಕೊಟ್ಟರೆ ಬೇಕಾದಷ್ಟು ತಿನ್ನಬಹುದೆಂದು ಕೇಳಿದೊಡನೆ ಮನಸ್ಸು ಹಾಕುವ ಲೆಕ್ಕ ಒಂದೇ: ಎಷ್ಟು ತಿಂದರೆ ಅಸಲು ಹುಟ್ಟೀತು?

ಬಫೆ ಎಂಬುದು ಜಪಾನಿಗೂ ಹೊರಗಿನಿಂದ ಬಂದದ್ದು. 1958ರಲ್ಲಿ ಟೋಕಿಯೊದ ಇಂಪೀರಿಯಲ್ ಹೋಟೆಲ್ ಸ್ಕ್ಯಾಂಡಿನೇವಿಯದ ಪದ್ಧತಿಯನ್ನು ಅನುಸರಿಸಿ ಇದನ್ನು ಆರಂಭಿಸಿ ‘ವೈಕಿಂಗ್’ ಎಂದು ಹೆಸರಿಟ್ಟಿತು. ಜಪಾನಿನಲ್ಲಿ ಬಫೆಗೆ ಇಂದಿಗೂ ‘ಬೈಕಿಂಗು’ ಎಂಬ ಹೆಸರು ಬಳಕೆಯಲ್ಲಿದೆ.

ಬಫೆಯ ಮರ್ಮ ನಮ್ಮ ಕಡೆಯ ಸಮಾರಂಭದ ಊಟ ಉಂಡವರಿಗೆ ಹೊಸದೇನೂ ಅಲ್ಲ. ಸಾರು, ಸಾಂಬಾರಿಗೇ ಹೊಟ್ಟೆ ತುಂಬಿಸಿಕೊಂಡವನು ಪಾಯಸ ಬಂದಾಗ ಪೇಚಾಡುತ್ತಾನೆ. ಅನುಭವಿಯು ಅನ್ನವನ್ನು ಮಿತವಾಗಿ ಹಾಕಿಸಿಕೊಂಡು ಜಾಗ ಕಾದಿರಿಸುತ್ತಾನೆ. ಸುಶಿಯಲ್ಲೂ ಹೊಟ್ಟೆ ತುಂಬಿಸುವುದು ವಿನೆಗರ್ ಬೆರೆಸಿದ ಅನ್ನ. ಬೆಲೆ ಬಾಳುವುದು ಅದರ ಮೇಲಿನ ಮೀನು. ದಪ್ಪ ಅನ್ನದುಂಡೆಯ ಮೇಲೆ ತೆಳ್ಳನೆಯ ಮೀನಿನ ಹಾಳೆ ಹೊದಿಸಿದ ನಲವತ್ತು ಬಗೆಗಳಿಗಿಂತ, ಕೇಳಿದಾಗ ಕಣ್ಣೆದುರೇ ಮಾಡಿಕೊಡುವ ಹತ್ತು ಬಗೆಗಳಿರುವ ಹೋಟೆಲು ಮೇಲು.

ಎರಡನೆಯದು ಬಿಲ್ಲು. ಫಲಕದ ಮೇಲಿನ ಬೆಲೆ ಒಬ್ಬರಿಗೆ 1,500 ರೂಪಾಯಿ ಎಂದುಕೊಳ್ಳೋಣ. ಶೇ 10ರ ಸೇವಾ ಶುಲ್ಕ, ಅದರ ಮೇಲೆ ಶೇ 5ರ ಜಿಎಸ್‌ಟಿ ಸೇರಿದರೆ ನಾಲ್ವರ ಸಂಸಾರಕ್ಕೆ 6,930 ರೂಪಾಯಿ. ದಿನಕ್ಕೆ 7,500 ರೂಪಾಯಿಗೂ ಮೀರಿದ ಬಾಡಿಗೆಯ ಕೊಠಡಿಗಳಿರುವ ಹೋಟೆಲಿನೊಳಗಾದರೆ ತೆರಿಗೆಯೇ ಶೇ 18. ಸೇವಾ ಶುಲ್ಕವನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ತೆರಿಗೆ ಸೇರಿ ಎಷ್ಟು, ಪಾನೀಯ ಸೇರಿದೆಯೇ, ಕೂರಲು ಎಷ್ಟು ಹೊತ್ತು ಬಿಡುತ್ತಾರೆ, ವಾರದ ದಿನ ಮಧ್ಯಾಹ್ನದ ದರವೇನು ಎಂಬ ನಾಲ್ಕು ಪ್ರಶ್ನೆಗಳನ್ನು ಮೊದಲೇ ದೂರವಾಣಿಯಲ್ಲಿ ಕೇಳಲು ಸಂಕೋಚ ಬೇಡ.

ಕರಾವಳಿಯವರಿಗೆ ಐಸಿನ ಮೀನೆಂದರೆ ಅಸಡ್ಡೆ. ಅಂದಿನ ಬಂಗುಡೆ ಅಂದೇ ಸಾರಾಗಬೇಕು. ಹಸಿಯಾಗಿ ತಿನ್ನುವ ಮೀನಿನ ವಿಷಯ ಬೇರೆ. ಅದರೊಳಗಿನ ಪರೋಪಜೀವಿಗಳನ್ನು ಕೊಲ್ಲಲು ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 7 ದಿನ ಇರಿಸಬೇಕೆಂಬುದು ಅಮೆರಿಕದ ಆಹಾರ ನಿಯಂತ್ರಕರ ಮಾರ್ಗಸೂಚಿ. ಹೆಪ್ಪುಗಟ್ಟಿಸಿದ ಮೀನೆಂದು ಮೂಗು ಮುರಿಯಬೇಕಿಲ್ಲ; ತಂಪಿಲ್ಲದ ತಟ್ಟೆಯಲ್ಲಿ ಗಂಟೆಗಟ್ಟಲೆ ಕುಳಿತ ಸುಶಿಯನ್ನು ಮಾತ್ರ ಮುಟ್ಟಬಾರದು.

ಸಸ್ಯಾಹಾರಿಗಳ ಕಷ್ಟ ಇದಕ್ಕಿಂತ ಸೂಕ್ಷ್ಮ. ಮೀಸೊ ಸೂಪಿನಲ್ಲಿ ಕಣ್ಣಿಗೆ ಕಾಣುವುದು ತೋಫು ಮತ್ತು ಕಡಲಕಳೆಯ ಚೂರು. ಆದರೆ ಅದರ ತಳಹದಿಯಾದ ‘ದಾಶಿ’ ಎಂಬ ತಿಳಿರಸವನ್ನು ಸಾಮಾನ್ಯವಾಗಿ ಹೊಗೆಯಲ್ಲಿ ಒಣಗಿಸಿದ ಬೊನಿಟೊ ಮೀನಿನ ತುರಿಯಿಂದ ತೆಗೆಯುತ್ತಾರೆ. ತೆಂಪುರಾದ ಅದ್ದುವ ರಸವೂ ಹಾಗೆಯೇ. ಕಡಲಕಳೆ ಮತ್ತು ಅಣಬೆಯಿಂದಷ್ಟೇ ದಾಶಿ ಮಾಡುವ ಕ್ರಮ ಜಪಾನಿನ ಬೌದ್ಧ ಮಠಗಳ ಅಡುಗೆಯಲ್ಲಿದೆ. ಅದನ್ನು ಮಾಡಿಕೊಡುತ್ತಾರೆಯೇ ಎಂದು ವಿಚಾರಿಸಬೇಕು. ಜೀವಮಾನವಿಡೀ ಮೀನು ಮುಟ್ಟದ ಅಮ್ಮ ತರಕಾರಿ ಸಾರೆಂದು ನಂಬಿ ಕುಡಿದ ಮೇಲೆ ಮಗ ಪೇಚಾಡಿ ಫಲವಿಲ್ಲ. ಆ ನಂಬಿಕೆಗೆ ಯಾವ ರಿಯಾಯಿತಿಯೂ ಸಮವಲ್ಲ.

ಕುಕ್ಕೆಯಲ್ಲಿ ಪ್ರಸಾದದ ಊಟಕ್ಕೆ ಕುಳಿತವರು ಅಸಲಿನ ಲೆಕ್ಕ ಹಾಕುವುದಿಲ್ಲ, ಸಾಕೆನಿಸಿದಾಗ ಏಳುತ್ತಾರೆ. ಬಫೆಯಲ್ಲಿ ಆ ‘ಸಾಕು’ ಎಂಬ ಮಾತಿಗೇ ನಷ್ಟದ ಭಯ ಅಂಟಿಕೊಳ್ಳುತ್ತದೆ. ಅರವತ್ತು ದಾಟಿದವರು ಎರಡು ತುಂಡು ತೆಂಪುರಾ, ಒಂದು ಬಟ್ಟಲು ಅನ್ನಕ್ಕೆ ತೃಪ್ತರಾಗುತ್ತಾರೆ. ದುಡ್ಡು ದಂಡವಾಯಿತೆಂದು ಅವರನ್ನು ಒತ್ತಾಯಿಸುವುದು ಉಪಚಾರವಲ್ಲ. ಅಂಥವರ ಜತೆಗೆ ಹೋಗುವಾಗ ಬಫೆಯನ್ನು ಬಿಟ್ಟು, ಬೇಕಾದ್ದನ್ನು ಬಿಡಿಯಾಗಿ ತರಿಸಿಕೊಳ್ಳುವ ಹೋಟೆಲನ್ನು ಆರಿಸಿಕೊಂಡರೆ ಬಿಲ್ಲೂ ಕಡಿಮೆ, ಊಟವೂ ನೆಮ್ಮದಿ.